ಪಟ್ಟಿಯ ಪ್ರತಿಯೂ ವಸ್ತುವಿನ ಪ್ರತಿಯೂ
(ಸಿ ಭಾಷೆಯ ಜಿಲಿಬ್ ಭಂಡಾರದಲ್ಲಿ ಸ್ಮೃತಿಯ ವಿನಿಯೋಗ)

೧

ಒಂದು ಗ್ರಂಥದ ಹಲವು ಓಲೆಗಳನ್ನು ಎದುರಿಗಿಟ್ಟುಕೊಂಡು ಪಾಠನಿರ್ಣಯ ಮಾಡುವವರಿಗೆ ‘ಪ್ರತಿ’ ಎಂಬ ಮಾತಿನ ಅರ್ಥವನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಮೂಲದ ಓಲೆಯನ್ನು ಹುಳು ತಿಂದರೂ ಪ್ರತಿಯಲ್ಲಿ ಅಕ್ಷರವು ನಿಲ್ಲುತ್ತದೆ. ಪ್ರತಿಯಲ್ಲಿ ಲಿಪಿಕಾರನು ತಪ್ಪಿದರೂ ಮೂಲಕ್ಕೆ ಕುಂದು ಬಾರದು. ಎರಡಕ್ಕೂ ಬೇರೆಬೇರೆಯಾದ ಬಾಳು ಇರುವುದರಿಂದಲೇ ಒಂದನ್ನು ಇನ್ನೊಂದಕ್ಕೆ ಸಾಕ್ಷಿಯಾಗಿ ನಿಲ್ಲಿಸುವುದು ಸಾಧ್ಯವಾಗಿದೆ.

ಪದಕೋಶ, ಶಾಸನಸೂಚಿ, ಪಾಠಾಂತರಗಳ ಪಟ್ಟಿ ಮೊದಲಾದವು ಈಗ ಗಣಕಯಂತ್ರದಲ್ಲಿ ಸಿದ್ಧವಾಗುತ್ತಿವೆ. ಆ ಯಂತ್ರದಲ್ಲಿಯೂ ‘ಪ್ರತಿಮಾಡು’ ಎಂಬ ಆಜ್ಞೆ ಉಂಟು. ಆದರೆ ಅಲ್ಲಿ ಪ್ರತಿಯೆನಿಸಿಕೊಳ್ಳುವುದೆಲ್ಲವೂ ಓಲೆಯ ಪ್ರತಿಯಂತೆ ಸ್ವತಂತ್ರವಾದುದಲ್ಲ. ಕೆಲವು ಪ್ರತಿಗಳಲ್ಲಿ ಪಟ್ಟಿ ಮಾತ್ರ ಎರಡಾಗಿರುತ್ತದೆ, ಪಟ್ಟಿಯಲ್ಲಿ ಹೇಳಿದ ವಸ್ತು ಒಂದೇ ಆಗಿರುತ್ತದೆ. ಈ ಭೇದವನ್ನು ಅರಿಯದೆ ತಿದ್ದುಪಡಿಗೆ ಕೈಹಾಕಿದರೆ ಮೂಲಪಾಠವು ಯಾರಿಗೂ ತಿಳಿಯದಂತೆ ಅಳಿದುಹೋಗಬಹುದು. ಸಿ ಭಾಷೆಯಲ್ಲಿ ಕ್ರಮವಿಧಿಗಳನ್ನು ಬರೆಯುವವರು ಬಳಸುವ ಜಿಲಿಬ್ ಎಂಬ ಭಂಡಾರದಲ್ಲಿ ಈ ಭೇದವು ಬಹು ಸ್ಪಷ್ಟವಾಗಿ ಕಾಣುವುದರಿಂದ, ಅದನ್ನೇ ಆಧಾರವಾಗಿಟ್ಟುಕೊಂಡು ವಿಷಯವನ್ನು ಇಲ್ಲಿ ವಿವರಿಸಿದೆ.

೨

ಉದಾಹರಣೆಗೆ ಒಂದು ಊರ ಹೆಸರನ್ನು ತೆಗೆದುಕೊಳ್ಳಬಹುದು. ನಂಜನಗೂಡಿನಿಂದ ಚಾಮರಾಜನಗರಕ್ಕೆ ಹೋಗುವ ರೈಲುಮಾರ್ಗದಲ್ಲಿ ಕವಲಂದೆ ಎಂಬ ನಿಲ್ದಾಣವಿದೆ. ದೊಡ್ಡ ಕವಲಂದೆ, ಚಿಕ್ಕ ಕವಲಂದೆ ಎಂದು ಊರುಗಳು ಎರಡು. ಬಳಕೆಯ ಮಾತಿನಲ್ಲಿ ‘ಕೌಲಂದೆ’ ಎಂಬ ರೂಪವೂ ಕೇಳಿಬರುತ್ತದೆ. ಬರಹದಲ್ಲಿಯೂ ಅದು ಅಪರೂಪವಲ್ಲ. ತವರು—ತೌರು, ಸವತೆ—ಸೌತೆ, ಸವದೆ—ಸೌದೆ ಎಂಬ ಜೋಡಿಗಳನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು. ‘ಅವ’ ಎಂಬುದು ‘ಔ’ ಆಗುವುದು ಕನ್ನಡಕ್ಕೆ ಸಹಜವಾದ ಮಾರ್ಪಾಟು. ಆದಕಾರಣ ಸ್ಥಳನಾಮಗಳನ್ನು ಅಭ್ಯಾಸಮಾಡುವವನಿಗೆ ‘ಕೌಲಂದೆ’ ಎಂಬುದು ಬರಹದ ತಪ್ಪಲ್ಲ, ಉಚ್ಚಾರಣೆಯ ಸಾಕ್ಷ್ಯ.

ಅಂತಹ ಅಭ್ಯಾಸಿಯೊಬ್ಬನು ಜನರ ಬಾಯಿಂದ ಕೇಳಿದಂತೆಯೇ ಬರೆದುಕೊಂಡ ೧೦೦೦ ಊರುಗಳ ಹೆಸರನ್ನು ಯಂತ್ರದಲ್ಲಿ ಪಟ್ಟಿಮಾಡಿದ್ದಾನೆಂದು ಭಾವಿಸತಕ್ಕದ್ದು. ಇದು ಶ್ರುತಪಟ್ಟಿ. ಇದರ ಪ್ರತಿಯೊಂದನ್ನು ಮಾಡಿ, ಆ ಪ್ರತಿಯಲ್ಲಿ ಹೆಸರುಗಳನ್ನು ಸರ್ಕಾರಿ ದಾಖಲೆಯ ರೂಪಕ್ಕೆ ತಿದ್ದಿ, ಅದನ್ನು ಶಿಷ್ಟಪಟ್ಟಿಯೆಂದು ಕರೆದು, ಕೊನೆಗೆ ಎರಡನ್ನೂ ಹೋಲಿಸಿ ‘ಅವ’ ‘ಔ’ ಆಗಿರುವ ಹೆಸರುಗಳೆಷ್ಟೆಂದು ಎಣಿಸುವುದು ಅವನ ಉದ್ದೇಶ. ಕೆಲಸವು ಸರಳವಾಗಿಯೇ ತೋರುತ್ತದೆ. ಅದು ಕೆಡುವುದು ‘ಪ್ರತಿಯೊಂದನ್ನು ಮಾಡಿ’ ಎಂಬ ಮಾತಿನಲ್ಲಿ.

೩

ಕೆಡುವ ಬಗೆಯನ್ನು ತಿಳಿಯಬೇಕಾದರೆ ಹೆಸರು ಯಂತ್ರದೊಳಗೆ ಹೇಗೆ ನಿಂತಿರುತ್ತದೆಂಬುದನ್ನು ಮೊದಲು ನೋಡಬೇಕು. ಗಣಕಯಂತ್ರದ ಸ್ಮೃತಿಯು ಬೈಟ್ ಎಂಬ ಸಣ್ಣ ಮನೆಗಳ ಉದ್ದವಾದ ಸಾಲು. ಪ್ರತಿಯೊಂದು ಮನೆಗೂ ಕ್ರಮಸಂಖ್ಯೆ ಇದೆ. ಆ ಸಂಖ್ಯೆಯೇ ಮನೆಯ ವಿಳಾಸ. ಯೂನಿಕೋಡ್ ಸಂಕೇತವ್ಯವಸ್ಥೆಯಲ್ಲಿ ೧೯೯೧ರ ಮೊದಲನೆಯ ಆವೃತ್ತಿಯಿಂದಲೂ ಕನ್ನಡಕ್ಕೆ ಸ್ಥಾನವಿದೆ. ಅದರಂತೆ ‘ಕವಲಂದೆ’ ಎಂಬುದು ಕಣ್ಣಿಗೆ ನಾಲ್ಕು ಅಕ್ಷರವಾದರೂ ಯಂತ್ರಕ್ಕೆ ಆರು ಸಂಕೇತ: ಕಕಾರ, ವಕಾರ, ಲಕಾರ, ಅನುಸ್ವಾರ, ದಕಾರ, ಎತ್ವದ ಚಿಹ್ನೆ. ಯುಟಿಎಫ್-೮ ಎಂಬ ಬರವಣಿಗೆಯ ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ೩ ಬೈಟುಗಳು ಬೇಕು, ಆರಕ್ಕೆ ೧೮. ಹೆಸರು ಇಲ್ಲಿಗೆ ಮುಗಿಯಿತೆಂದು ತಿಳಿಸುವ ಸೊನ್ನೆಯ ಬೈಟ್ ಒಂದು. ಒಟ್ಟು ೧೯ ಬೈಟುಗಳು.

‘ಕೌಲಂದೆ’ ಎಂಬುದರಲ್ಲಿ ಅಕ್ಷರ ಮೂರೇ ಆದರೂ ಸಂಕೇತಗಳು ಆರೇ; ವಕಾರದ ಸ್ಥಾನದಲ್ಲಿ ಔತ್ವದ ಚಿಹ್ನೆ ಬಂದಿದೆ, ಅಷ್ಟೆ. ಆದುದರಿಂದ ಅದಕ್ಕೂ ೧೯ ಬೈಟುಗಳೇ ಸಾಕು. ಒಂದು ರೂಪವನ್ನು ಅಳಿಸಿ ಇನ್ನೊಂದನ್ನು ಅದೇ ಜಾಗದಲ್ಲಿ ಬರೆದರೆ ಬದಲಾಗುವುದು ಎರಡು ಬೈಟುಗಳು ಮಾತ್ರ. ತಾಳೆಯೋಲೆಯಲ್ಲಿ ಅಕ್ಷರವನ್ನು ಹೆರೆದು ತಿದ್ದಿದರೆ ಗುರುತು ಉಳಿಯುತ್ತದೆ. ಇಲ್ಲಿ ಗುರುತೂ ಉಳಿಯುವುದಿಲ್ಲ.

೪

ಸಿ ಭಾಷೆಯನ್ನು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಡೆನಿಸ್ ರಿಚಿಯವರು ೧೯೭೨ರ ಸುಮಾರಿಗೆ ರಚಿಸಿದರು. ಯಂತ್ರದ ಸ್ಮೃತಿಯನ್ನು ಕ್ರಮವಿಧಿಕಾರನ ಕೈಗೇ ಒಪ್ಪಿಸುವುದು ಈ ಭಾಷೆಯ ಲಕ್ಷಣ. ಸ್ಥಳ ಬೇಕಾದಾಗ ‘ಮ್ಯಾಲಕ್’ ಎಂಬ ಕ್ರಿಯೆಯಿಂದ ಕೇಳಿ ಪಡೆಯಬೇಕು. ಕೆಲಸ ತೀರಿದ ಮೇಲೆ ‘ಫ್ರೀ’ ಎಂಬ ಕ್ರಿಯೆಯಿಂದ ಹಿಂದಕ್ಕೆ ಒಪ್ಪಿಸಬೇಕು. ಪಡೆದವನು ಒಪ್ಪಿಸದಿದ್ದರೆ ಕ್ರಮವಿಧಿಯು ಓಡುತ್ತಿರುವವರೆಗೂ ಆ ಸ್ಥಳವು ಇತರ ಕೆಲಸಕ್ಕೆ ದೊರೆಯದು. ಜಾವಾ ಮೊದಲಾದ ಭಾಷೆಗಳಲ್ಲಿ ಬಳಕೆ ತಪ್ಪಿದ ಸ್ಥಳವನ್ನು ಹುಡುಕಿ ತೆಗೆಯುವ ಆಳು ವ್ಯವಸ್ಥೆಯೊಳಗೇ ಇರುತ್ತಾನೆ. ಸಿ ಭಾಷೆಯಲ್ಲಿ ಆ ಆಳಿಲ್ಲ.

ಸಿ ಭಾಷೆಯಲ್ಲಿ ಪಟ್ಟಿಯೆಂಬ ಸಿದ್ಧವಸ್ತುವೂ ಇಲ್ಲ. ಆ ಕೊರತೆಯನ್ನು ತುಂಬುವ ಭಂಡಾರಗಳಲ್ಲಿ ಜಿಲಿಬ್ ಒಂದು. ಜಿಂಪ್ ಎಂಬ ಚಿತ್ರಸಂಸ್ಕರಣದ ತಂತ್ರಾಂಶಕ್ಕಾಗಿ ೧೯೯೦ರ ದಶಕದಲ್ಲಿ ಜಿಟಿಕೆ ಎಂಬ ಸಾಧನಸಂಗ್ರಹವು ಹುಟ್ಟಿತು. ಅದರೊಳಗೆ ಎಲ್ಲ ಕೆಲಸಕ್ಕೂ ಒದಗುವ ಭಾಗವನ್ನು ಬೇರ್ಪಡಿಸಿದುದೇ ಜಿಲಿಬ್. ಅದರ ‘ಜಿ-ಲಿಸ್ಟ್’ ಎಂಬ ಪಟ್ಟಿಯು ಕೊಂಡಿಗಳ ಸರಪಳಿ. ಒಂದೊಂದು ಕೊಂಡಿಯಲ್ಲಿಯೂ ಮೂರು ವಿಳಾಸಗಳಿರುತ್ತವೆ: ಮುಂದಿನ ಕೊಂಡಿಯದು, ಹಿಂದಿನ ಕೊಂಡಿಯದು, ವಸ್ತುವಿನದು. ೬೪ ಬಿಟ್ಟಿನ ಯಂತ್ರದಲ್ಲಿ ಒಂದು ವಿಳಾಸಕ್ಕೆ ೮ ಬೈಟುಗಳಾದುದರಿಂದ ಒಂದು ಕೊಂಡಿಗೆ ೨೪ ಬೈಟುಗಳು.

ಇಲ್ಲಿ ಮುಖ್ಯವಾಗಿ ಗಮನಿಸತಕ್ಕದ್ದು ಏನೆಂದರೆ, ‘ಕೌಲಂದೆ’ ಎಂಬ ಹೆಸರು ಕೊಂಡಿಯೊಳಗೆ ಇಲ್ಲ. ಅದು ಸ್ಮೃತಿಯಲ್ಲಿ ಬೇರೆಲ್ಲೋ ಇದೆ. ಕೊಂಡಿಯಲ್ಲಿರುವುದು ಅದರ ವಿಳಾಸ ಮಾತ್ರ.

೫

ಶಾಸನಗಳ ಅಭ್ಯಾಸವಿರುವವರಿಗೆ ಈ ವ್ಯವಸ್ಥೆ ಪರಿಚಿತವಾದುದೇ. ಬಿ. ಎಲ್. ರೈಸ್ ಅವರು ೧೮೯೪ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ನಂಜನಗೂಡು, ತಿರುಮಕೂಡಲು ನರಸೀಪುರ ಮೊದಲಾದ ತಾಲ್ಲೂಕುಗಳ ಶಾಸನಗಳಿಗೆ ತಾಲ್ಲೂಕಿನ ಹೆಸರಿನೊಡನೆ ಕ್ರಮಸಂಖ್ಯೆಯನ್ನು ಕೊಟ್ಟಿದೆ. ವಿದ್ವಾಂಸರು ತಮ್ಮ ಲೇಖನದಲ್ಲಿ ಆ ಸಂಖ್ಯೆಯನ್ನು ಬರೆದರೆ ಸಾಕು, ಓದುಗರು ಶಾಸನವನ್ನು ಗುರುತಿಸುತ್ತಾರೆ. ಸಂಖ್ಯೆಯು ವಿಳಾಸ; ಊರಿನಲ್ಲಿರುವ ಕಲ್ಲು ವಸ್ತು.

ಈಗ ಅಂತಹ ಸಂಖ್ಯೆಗಳ ಪಟ್ಟಿಯೊಂದನ್ನು ಮೂರು ಬಗೆಯಾಗಿ ‘ಇನ್ನೊಂದು’ ಮಾಡಬಹುದು. ಒಂದೇ ಕಾಗದಕ್ಕೆ ಎರಡನೆಯ ಹೆಸರಿಟ್ಟು ಕರೆಯುವುದು ಮೊದಲನೆಯ ಬಗೆ. ಇಲ್ಲಿ ಪಟ್ಟಿಯೇ ಎರಡಾಗಲಿಲ್ಲ. ಸಂಖ್ಯೆಗಳನ್ನು ಬೇರೊಂದು ಕಾಗದಕ್ಕೆ ಎತ್ತಿ ಬರೆಯುವುದು ಎರಡನೆಯದು. ಕಾಗದ ಎರಡಾದುವು, ಕಲ್ಲುಗಳು ಇದ್ದಷ್ಟೇ ಇವೆ. ಸಂಖ್ಯೆ ತೋರಿಸುವ ಪ್ರತಿಯೊಂದು ಕಲ್ಲಿನ ಬಳಿಗೂ ಹೋಗಿ, ಒದ್ದೆಯ ಕಾಗದವನ್ನು ಅದರ ಮೇಲೆ ಹಾಸಿ, ಕುಂಚದಿಂದ ಬಡಿದು, ಮಸಿಯೊತ್ತಿ ಪಡಿಯಚ್ಚನ್ನು ತೆಗೆದು, ಆ ಪಡಿಯಚ್ಚುಗಳಿಗೆ ಹೊಸ ಪಟ್ಟಿಯನ್ನು ಬರೆಯುವುದು ಮೂರನೆಯದು. ಕಲ್ಲು ನಾಳೆ ಒಡೆದರೂ ಪಡಿಯಚ್ಚು ಉಳಿಯುತ್ತದೆ.

ಯಂತ್ರದಲ್ಲಿಯೂ ಈ ಮೂರು ಬಗೆಗಳೇ ಇವೆ. ಸಿ ಭಾಷೆಯಲ್ಲಿ ಒಂದು ಪಟ್ಟಿಯ ಹೆಸರನ್ನು ಇನ್ನೊಂದಕ್ಕೆ ಸಮೀಕರಿಸಿ ಬರೆದರೆ ಮೊದಲನೆಯ ಕೊಂಡಿಯ ವಿಳಾಸವು ಎರಡು ಕಡೆ ದಾಖಲಾಗುತ್ತದೆ, ಸರಪಳಿ ಒಂದೇ. ‘ಜಿ_ಲಿಸ್ಟ್_ಕಾಪಿ’ ಎಂಬ ಕ್ರಿಯೆಯು ಕೊಂಡಿಗಳನ್ನೆಲ್ಲ ಹೊಸದಾಗಿ ಮಾಡುತ್ತದೆ. ಆದರೆ ಹೊಸ ಕೊಂಡಿಗಳಲ್ಲಿ ವಸ್ತುವಿನ ಹಳೆಯ ವಿಳಾಸವನ್ನೇ ಬರೆಯುತ್ತದೆ. ಇದನ್ನು ಮೇಲುಪ್ರತಿ ಎನ್ನಬಹುದು. ಜಿಲಿಬ್‌ನ ೨.೩೪ನೆಯ ಆವೃತ್ತಿಯಲ್ಲಿ (೨೦೧೨) ಸೇರಿದ ‘ಜಿ_ಲಿಸ್ಟ್_ಕಾಪಿ_ಡೀಪ್’ ಎಂಬುದು ಕೊಂಡಿಗಳೊಡನೆ ವಸ್ತುಗಳನ್ನೂ ಪ್ರತಿಮಾಡಿಸುತ್ತದೆ. ಇದು ಪೂರ್ಣಪ್ರತಿ. ವಸ್ತುವಿನ ಸ್ವರೂಪವೇನೆಂಬುದು ಪಟ್ಟಿಗೆ ತಿಳಿಯದಾದುದರಿಂದ, ಅದನ್ನು ಪ್ರತಿಮಾಡುವ ಬಗೆಯನ್ನು ಕ್ರಮವಿಧಿಕಾರನೇ ಒಂದು ಕ್ರಿಯೆಯ ರೂಪದಲ್ಲಿ ಒದಗಿಸಬೇಕು. ಕಲ್ಲಿನ ಶಾಸನಕ್ಕೆ ಪಡಿಯಚ್ಚು ಸರಿ, ಓಲೆಗೆ ಅದು ಸಲ್ಲದು, ಹಾಗೆಯೇ ಇಲ್ಲಿ.

೬

ಮೇಲೆ ಹೇಳಿದ ಅಭ್ಯಾಸಿಯು ಮೇಲುಪ್ರತಿಯನ್ನು ಮಾಡಿದ್ದಾನೆಂದುಕೊಳ್ಳಬಹುದು. ಪ್ರತಿಯು ಸ್ವತಂತ್ರವಾಗಿದೆಯೇ ಎಂದು ಪರೀಕ್ಷಿಸಲು ಅವನು ಶಿಷ್ಟಪಟ್ಟಿಗೆ ಒಂದು ಹೊಸ ಹೆಸರನ್ನು ಸೇರಿಸಿ ನೋಡುತ್ತಾನೆ. ಶ್ರುತಪಟ್ಟಿಯಲ್ಲಿ ಅದು ಕಾಣುವುದಿಲ್ಲ. ಒಂದು ಹೆಸರನ್ನು ತೆಗೆದು ನೋಡುತ್ತಾನೆ. ಶ್ರುತಪಟ್ಟಿಯಲ್ಲಿ ಅದು ಹಾಗೆಯೇ ಇದೆ. ಪ್ರತಿಯು ನಿರ್ದುಷ್ಟವೆಂದು ಅವನಿಗೆ ನಂಬಿಕೆಯಾಗುತ್ತದೆ. ಆ ಪರೀಕ್ಷೆಯಿಂದ ತಿಳಿದುದು ಕೊಂಡಿಗಳು ಬೇರೆಯೆಂಬುದು ಮಾತ್ರ. ವಸ್ತುಗಳು ಬೇರೆಯೇ ಎಂಬ ಪ್ರಶ್ನೆಯನ್ನು ಆ ಪರೀಕ್ಷೆಯು ಕೇಳಲೇ ಇಲ್ಲ.

ಅನಂತರ ಅವನು ಶಿಷ್ಟಪಟ್ಟಿಯಲ್ಲಿ ‘ಕೌಲಂದೆ’ ಎಂಬುದನ್ನು ಇದ್ದಲ್ಲಿಯೇ ‘ಕವಲಂದೆ’ ಎಂದು ತಿದ್ದುತ್ತಾನೆ. ಎರಡು ಬೈಟುಗಳು ಬದಲಾಗುತ್ತವೆ. ಶ್ರುತಪಟ್ಟಿಯ ಕೊಂಡಿಯೂ ಆ ವಿಳಾಸವನ್ನೇ ತೋರಿಸುತ್ತಿರುವುದರಿಂದ ಅಲ್ಲಿಯೂ ಈಗ ‘ಕವಲಂದೆ’ ಎಂದೇ ಓದುತ್ತದೆ. ತಿದ್ದುವ ಕೆಲಸ ಮುಗಿದ ಮೇಲೆ ಎರಡು ಪಟ್ಟಿಗಳನ್ನು ಹೋಲಿಸಿದರೆ ಇದ್ದಲ್ಲಿಯೇ ತಿದ್ದಿದ ಯಾವ ಹೆಸರಿನಲ್ಲಿಯೂ ಭೇದ ಕಾಣುವುದಿಲ್ಲ. ಯಂತ್ರವು ತಪ್ಪನ್ನು ಸೂಚಿಸುವುದಿಲ್ಲ, ಕ್ರಮವಿಧಿಯು ನಿಲ್ಲುವುದೂ ಇಲ್ಲ. ಜನರ ಉಚ್ಚಾರಣೆಗೂ ದಾಖಲೆಯ ರೂಪಕ್ಕೂ ಅಂತರವೇ ಇಲ್ಲವೆಂಬ ಸಿದ್ಧಾಂತವು ಅಚ್ಚಾಗುವಷ್ಟು ಅಚ್ಚುಕಟ್ಟಾಗಿ ಹೊರಬರುತ್ತದೆ. ಸಾಕ್ಷಿಯು ತನ್ನ ಹೇಳಿಕೆಯನ್ನು ಬದಲಾಯಿಸಿದ ಸಂಗತಿಯನ್ನು ಹೇಳಲು ಬೇರೊಬ್ಬ ಸಾಕ್ಷಿಯಿಲ್ಲ.

ತಿದ್ದುವುದಕ್ಕೆ ಇನ್ನೊಂದು ದಾರಿಯೂ ಉಂಟು. ಹಳೆಯ ಹೆಸರನ್ನು ಮುಟ್ಟದೆ, ‘ಕವಲಂದೆ’ ಎಂಬುದನ್ನು ಹೊಸ ಸ್ಥಳದಲ್ಲಿ ಬರೆದು, ಶಿಷ್ಟಪಟ್ಟಿಯ ಕೊಂಡಿಯಲ್ಲಿ ಆ ಹೊಸ ವಿಳಾಸವನ್ನು ನಮೂದಿಸುವುದು. ಹೀಗೆ ಮಾಡಿದರೆ ಮೇಲುಪ್ರತಿಯಲ್ಲಿಯೂ ಶ್ರುತಪಟ್ಟಿಗೆ ಹಾನಿಯಿಲ್ಲ. ಆದರೆ ‘ಹಳೆಯ ಹೆಸರು ಇನ್ನೇಕೆ?’ ಎಂದು ಅದರ ಸ್ಥಳವನ್ನು ಹಿಂದಕ್ಕೆ ಒಪ್ಪಿಸಿಬಿಟ್ಟರೆ ಶ್ರುತಪಟ್ಟಿಯ ಕೊಂಡಿಯು ಬರಿದಾದ ಮನೆಯನ್ನು ತೋರಿಸುತ್ತ ನಿಲ್ಲುತ್ತದೆ. ಇದರಿಂದ ಪ್ರತಿಮಾಡುವ ಪ್ರಶ್ನೆಯೂ ಸ್ಥಳವನ್ನು ಬಿಟ್ಟುಕೊಡುವ ಪ್ರಶ್ನೆಯೂ ಬೇರೆಯಲ್ಲವೆಂದು ತಿಳಿಯುತ್ತದೆ.

೭

ಬಿಟ್ಟುಕೊಡುವುದರಲ್ಲಿಯೂ ಎರಡು ಬಗೆಗಳಿವೆ. ‘ಜಿ_ಲಿಸ್ಟ್_ಫ್ರೀ’ ಎಂಬುದು ಕೊಂಡಿಗಳನ್ನು ಮಾತ್ರ ಬಿಡಿಸುತ್ತದೆ, ವಸ್ತುಗಳನ್ನು ಮುಟ್ಟುವುದಿಲ್ಲ. ೨.೨೮ನೆಯ ಆವೃತ್ತಿಯಲ್ಲಿ (೨೦೧೧) ಬಂದ ‘ಜಿ_ಲಿಸ್ಟ್_ಫ್ರೀ_ಫುಲ್’ ಎಂಬುದು ಮೊದಲು ಪ್ರತಿಯೊಂದು ವಸ್ತುವನ್ನೂ ಬಿಡಿಸಿ ಆಮೇಲೆ ಕೊಂಡಿಗಳನ್ನು ಬಿಡಿಸುತ್ತದೆ. ಅದಕ್ಕೆ ಮುಂಚೆ ಪಟ್ಟಿಯ ಉದ್ದಕ್ಕೂ ನಡೆದು ವಸ್ತುಗಳನ್ನು ಒಂದೊಂದಾಗಿ ಬಿಡಿಸುವ ಕೆಲಸವನ್ನು ಕ್ರಮವಿಧಿಕಾರನೇ ಮಾಡಬೇಕಾಗಿತ್ತು.

ಪ್ರತಿಯ ಬಗೆಗೂ ಬಿಡುಗಡೆಯ ಬಗೆಗೂ ಹೊಂದಿಕೆ ತಪ್ಪಿದರೆ ಮೂರು ದೋಷಗಳುಂಟಾಗುತ್ತವೆ.

ಮೊದಲನೆಯದು ಸೋರಿಕೆ. ಪೂರ್ಣಪ್ರತಿಯನ್ನು ಮಾಡಿ, ಕೊನೆಯಲ್ಲಿ ಅದರ ಕೊಂಡಿಗಳನ್ನು ಮಾತ್ರ ಬಿಡಿಸಿದರೆ ಹೆಸರುಗಳು ಸ್ಮೃತಿಯಲ್ಲಿಯೇ ಉಳಿಯುತ್ತವೆ. ಅವುಗಳ ವಿಳಾಸವನ್ನು ಬಲ್ಲವರು ಯಾರೂ ಉಳಿದಿರುವುದಿಲ್ಲ. ಹೆಸರೊಂದಕ್ಕೆ ೧೯ ಬೈಟುಗಳಂತೆ ೧೦೦೦ ಹೆಸರುಗಳಿಗೆ ೧೯,೦೦೦ ಬೈಟುಗಳು. ಒಂದು ಸಲಕ್ಕೆ ಇದು ಲೆಕ್ಕಕ್ಕೆ ಬಾರದು. ಕ್ರಮವಿಧಿ ಮುಗಿದೊಡನೆ ಯಂತ್ರದ ಆಡಳಿತವ್ಯವಸ್ಥೆಯು ಎಲ್ಲವನ್ನೂ ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಆದರೆ ಹಗಲಿರುಳು ಓಡುವ ಪುಸ್ತಕಭಂಡಾರದ ಯಂತ್ರದಲ್ಲಿ ಅದೇ ಕೆಲಸವು ಸಾವಿರ ಸಲ ನಡೆದರೆ ೧ ಕೋಟಿ ೯೦ ಲಕ್ಷ ಬೈಟುಗಳು ಸೋರಿಹೋಗುತ್ತವೆ. ಕೊಳದ ಏರಿಯಲ್ಲಿ ಇಲಿ ತೋಡಿದ ಬಿಲದಂತೆ ಇದು ಮೊದಲ ದಿನ ಕಾಣುವುದಿಲ್ಲ.

ಎರಡನೆಯದು ಬರಿಮನೆಯನ್ನು ನಂಬುವುದು. ಮೇಲುಪ್ರತಿಯನ್ನು ವಸ್ತುಸಹಿತವಾಗಿ ಬಿಡಿಸಿದರೆ ಮೂಲಪಟ್ಟಿಯ ವಿಳಾಸಗಳೆಲ್ಲ ಸುಳ್ಳಾಗುತ್ತವೆ. ಬಿಟ್ಟುಕೊಟ್ಟ ಸ್ಥಳದಲ್ಲಿ ಹಳೆಯ ಅಕ್ಷರಗಳು ಸ್ವಲ್ಪಕಾಲ ಹಾಗೆಯೇ ಇರಬಹುದು. ಆದುದರಿಂದ ಪಟ್ಟಿಯು ಸರಿಯಾಗಿದೆಯೆಂದೇ ತೋರಬಹುದು. ಆ ಸ್ಥಳವು ಬೇರೆ ಕೆಲಸಕ್ಕೆ ಹಂಚಿಕೆಯಾದ ಮೇಲೆ ಕವಲಂದೆ ಇರಬೇಕಾದಲ್ಲಿ ಯಾವುದೋ ಸಂಬಂಧವಿಲ್ಲದ ಅಕ್ಷರ ಕಾಣುತ್ತದೆ. ಸೂಚಿಯ ಸಂಖ್ಯೆಯನ್ನು ಹಿಡಿದು ಊರಿಗೆ ಹೋದವನಿಗೆ ಶಾಸನದ ಕಲ್ಲು ಇದ್ದ ಜಾಗದಲ್ಲಿ ಮೈಲಿಗಲ್ಲು ಸಿಕ್ಕಂತೆ ಇದು.

ಮೂರನೆಯದು ಇಮ್ಮಡಿ ಬಿಡುಗಡೆ. ಮೂಲವನ್ನೂ ಮೇಲುಪ್ರತಿಯನ್ನೂ ಎರಡನ್ನೂ ವಸ್ತುಸಹಿತವಾಗಿ ಬಿಡಿಸಿದರೆ ಒಂದೇ ಸ್ಥಳವನ್ನು ಎರಡು ಸಲ ಒಪ್ಪಿಸಿದಂತಾಗುತ್ತದೆ. ಇದರಿಂದ ಸ್ಮೃತಿಯನ್ನು ಹಂಚುವ ವ್ಯವಸ್ಥೆಯ ಲೆಕ್ಕವೇ ಕೆಡುತ್ತದೆ. ಕ್ರಮವಿಧಿಯು ಆಗಲೇ ಮುರಿದುಬಿದ್ದರೆ ಅದು ಅದೃಷ್ಟ. ಕೆಲವು ವೇಳೆ ದೋಷವು ಬಹಳ ಹೊತ್ತಿನ ಮೇಲೆ, ಸಂಬಂಧವೇ ಇಲ್ಲದ ಕಡೆಯಲ್ಲಿ ತಲೆದೋರುತ್ತದೆ.

ಈ ಮೂರಕ್ಕೂ ಪರಿಹಾರದ ಸೂತ್ರ ಒಂದೇ. ಪ್ರತಿಮಾಡುವಾಗ ಏನನ್ನು ಹೊಸದಾಗಿ ಪಡೆಯಿತೋ ಅಷ್ಟನ್ನೇ, ಒಂದೇ ಸಲ, ಹಿಂದಕ್ಕೆ ಕೊಡಬೇಕು. ಮೇಲುಪ್ರತಿಗೆ ಕೊಂಡಿಗಳ ಬಿಡುಗಡೆ. ಪೂರ್ಣಪ್ರತಿಗೆ ವಸ್ತುಸಹಿತವಾದ ಬಿಡುಗಡೆ.

೮

‘ಹಾಗಾದರೆ ಯಾವಾಗಲೂ ಪೂರ್ಣಪ್ರತಿಯನ್ನೇ ಮಾಡಬಾರದೇಕೆ?’ ಎಂದು ಆಕ್ಷೇಪಿಸಬಹುದು. ಇದಕ್ಕೆ ಸಮಾಧಾನ ಎರಡು. ಮೊದಲನೆಯದು ವೆಚ್ಚ. ೧೦೦೦ ಹೆಸರುಗಳ ಮೇಲುಪ್ರತಿಗೆ ೨೪,೦೦೦ ಬೈಟುಗಳು. ಪೂರ್ಣಪ್ರತಿಗೆ ಇನ್ನೂ ೧೯,೦೦೦. ವಸ್ತುವು ಊರ ಹೆಸರಾಗಿರದೆ ಇಡೀ ಓಲೆಯ ಛಾಯಾಚಿತ್ರವಾಗಿದ್ದರೆ ವೆಚ್ಚವು ಮಿತಿಮೀರುತ್ತದೆ. ಎರಡನೆಯದು ಉದ್ದೇಶ. ಒಂದೇ ಹೆಸರುಗಳನ್ನು ಅಕಾರಾದಿಯಾಗಿ ಒಂದು ಕಡೆ, ತಾಲ್ಲೂಕುವಾರಿಯಾಗಿ ಇನ್ನೊಂದು ಕಡೆ ಜೋಡಿಸಬೇಕಾದರೆ ಮೇಲುಪ್ರತಿಯೇ ಯೋಗ್ಯವಾದುದು. ಅಲ್ಲಿ ಒಂದು ಕಡೆ ಮಾಡಿದ ತಿದ್ದುಪಡಿಯು ಇನ್ನೊಂದು ಕಡೆ ತಾನಾಗಿ ಕಾಣಬೇಕೆಂಬುದೇ ಅಪೇಕ್ಷೆ. ಗ್ರಂಥದ ಸೂಚಿಗಳಿಗೆ ಬೇಕಾದುದು ಈ ಗುಣ. ಪಾಠಾಂತರಗಳ ಸಂಗ್ರಹಕ್ಕೆ ಬೇಡವಾದುದೂ ಇದೇ ಗುಣ.

ಪೂರ್ಣಪ್ರತಿಯ ಪೂರ್ಣತೆಗೂ ಎಲ್ಲೆಯಿದೆ. ವಸ್ತುವು ಬರಿಯ ಹೆಸರಾಗಿರದೆ, ಹೆಸರು, ಅದನ್ನು ಹೇಳಿದವರ ಊರು, ಟಿಪ್ಪಣಿ ಇವುಗಳ ವಿಳಾಸಗಳನ್ನು ಒಳಗೊಂಡ ಒಂದು ಚೀಟಿಯಾಗಿದ್ದರೆ, ಚೀಟಿಯನ್ನು ಮಾತ್ರ ಪ್ರತಿಮಾಡುವ ಕ್ರಿಯೆಯು ಮತ್ತೆ ಮೇಲುಪ್ರತಿಯನ್ನೇ ಒಂದು ಮೆಟ್ಟಿಲು ಕೆಳಗೆ ಮಾಡಿದಂತಾಗುತ್ತದೆ. ಎಷ್ಟು ಆಳಕ್ಕೆ ಇಳಿಯಬೇಕೆಂಬುದನ್ನು ಕ್ರಿಯೆಯನ್ನು ಒದಗಿಸುವವನೇ ಗೊತ್ತುಮಾಡಬೇಕು.

ಇವೆರಡರ ನಡುವೆ ಹಕ್ಕಿನ ಲೆಕ್ಕವೆಂಬ ಮೂರನೆಯ ಮಾರ್ಗವೊಂದುಂಟು. ಜಿಲಿಬ್‌ನ ಸಂಗಡವೇ ಇರುವ ಜಿ-ಆಬ್ಜೆಕ್ಟ್ ವ್ಯವಸ್ಥೆಯಲ್ಲಿ ಪ್ರತಿಯೊಂದು ವಸ್ತುವೂ ತನ್ನನ್ನು ಹಿಡಿದಿರುವವರು ಎಷ್ಟು ಮಂದಿಯೆಂಬ ಸಂಖ್ಯೆಯನ್ನು ತನ್ನಲ್ಲೇ ಇಟ್ಟುಕೊಂಡಿರುತ್ತದೆ. ಪಟ್ಟಿಯನ್ನು ಪ್ರತಿಮಾಡುವಾಗ ವಸ್ತುವನ್ನು ನಕಲುಮಾಡುವುದಕ್ಕೆ ಬದಲಾಗಿ ಆ ಸಂಖ್ಯೆಯನ್ನು ಒಂದು ಹೆಚ್ಚಿಸಲಾಗುತ್ತದೆ. ಬಿಡಿಸುವಾಗ ಒಂದು ಇಳಿಸಲಾಗುತ್ತದೆ. ಸಂಖ್ಯೆಯು ಸೊನ್ನೆಯಾದಾಗ, ಅಂದರೆ ಕೊನೆಯ ಹಕ್ಕುದಾರನು ಕೈಬಿಟ್ಟಾಗ, ವಸ್ತುವು ತಾನಾಗಿ ಬಿಡುಗಡೆಯಾಗುತ್ತದೆ. ೨.೫೮ನೆಯ ಆವೃತ್ತಿಯಿಂದ (೨೦೧೮) ಅಕ್ಷರಸಾಲುಗಳಿಗೂ ಇಂತಹ ಲೆಕ್ಕವುಳ್ಳ ರೂಪವು ಲಭಿಸಿದೆ. ಇದರಿಂದ ಸೋರಿಕೆ, ಬರಿಮನೆ, ಇಮ್ಮಡಿ ಬಿಡುಗಡೆಗಳ ಭಯವು ಬಹುಮಟ್ಟಿಗೆ ಕಡಮೆಯಾಗುತ್ತದೆ. ಆದರೆ ವಸ್ತುವು ಒಂದೇ ಆಗಿರುವುದರಿಂದ ‘ಕೌಲಂದೆ’ಯನ್ನು ಇದ್ದಲ್ಲಿಯೇ ತಿದ್ದಿದರೆ ಇಲ್ಲಿಯೂ ಎರಡು ಪಟ್ಟಿಗಳಲ್ಲಿಯೂ ತಿದ್ದುತ್ತದೆ. ಹಕ್ಕಿನ ಲೆಕ್ಕವು ಸ್ಮೃತಿಯನ್ನು ಕಾಯುತ್ತದೆ, ಸಾಕ್ಷ್ಯವನ್ನು ಕಾಯುವುದಿಲ್ಲ.

೯

ಈ ವಿಷಯವು ಕ್ರಮವಿಧಿಕಾರರಿಗೆ ಮಾತ್ರ ಸೇರಿದುದೆಂದು ಭಾವಿಸಲಾಗದು. ಜಿಟಿಕೆಯನ್ನು ಆಶ್ರಯಿಸಿದ ತಂತ್ರಾಂಶಗಳಲ್ಲಿ ಅಕ್ಷರವಿನ್ಯಾಸವನ್ನು ನಡೆಸುವ ಪ್ಯಾಂಗೋ ಎಂಬ ಭಂಡಾರವೂ ಜಿಲಿಬ್‌ನ ಮೇಲೆಯೇ ನಿಂತಿದೆ. ಕನ್ನಡದ ವಾಕ್ಯದ ನಡುವೆ ಶಾಸನಸಂಪುಟದ ರೋಮನ್ ಸಂಕೇತಾಕ್ಷರ ಬಂದರೆ ಪ್ಯಾಂಗೋ ಆ ಸಾಲನ್ನು ಲಿಪಿಗನುಸಾರವಾಗಿ ತುಂಡುಗಳಾಗಿ ವಿಭಾಗಿಸುತ್ತದೆ. ಆ ತುಂಡುಗಳನ್ನು ಅದು ಒಪ್ಪಿಸುವುದು ಜಿ-ಲಿಸ್ಟ್ ಪಟ್ಟಿಯ ರೂಪದಲ್ಲಿ. ಕೆಲಸ ತೀರಿದ ಮೇಲೆ ತುಂಡುಗಳನ್ನೂ ಕೊಂಡಿಗಳನ್ನೂ ಬಿಡಿಸುವುದು ಪಟ್ಟಿಯನ್ನು ಪಡೆದವನ ಕರ್ತವ್ಯವೆಂದು ಅದರ ಕೈಪಿಡಿಯಲ್ಲಿ ವಿಧಿಸಿದೆ. ಹೀಗೆ ಕನ್ನಡದ ಒಂದು ಸಾಲು ಅಂತಹ ತೆರೆಯ ಮೇಲೆ ಮೂಡುವುದರ ಹಿಂದೆಯೂ ಇದೇ ಹೊಣೆಗಾರಿಕೆ ಅಡಗಿದೆ.

ನಂಜನಗೂಡು ತಾಲ್ಲೂಕಿನ ಶಾಸನಗಳನ್ನು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯವರು ೧೯೭೪ರಲ್ಲಿ ಪರಿಷ್ಕರಿಸಿ ಹೊಸ ಸಂಪುಟವಾಗಿ ಪ್ರಕಟಿಸಿದರು. ಪರಿಷ್ಕರಣವು ನಡೆದ ಮೇಲೆಯೂ ೧೮೯೪ರ ಪಾಠವು ಓದುವವರಿಗೆ ಲಭ್ಯವಾಗಿದೆ. ಕಾಗದದ ಮೇಲೆ ಹೊಸದನ್ನು ಅಚ್ಚುಮಾಡುವುದರಿಂದ ಹಳೆಯದು ಅಳಿಯುವುದಿಲ್ಲವಾದುದರಿಂದ, ಎಷ್ಟು ಎಡೆಯಲ್ಲಿ ಓದು ಬದಲಾಯಿತೆಂಬುದನ್ನು ಯಾರು ಬೇಕಾದರೂ ಹೋಲಿಸಿ ಹೇಳಬಹುದು. ಯಂತ್ರದಲ್ಲಿ ಈ ಅನುಕೂಲವು ತಾನಾಗಿ ಬರುವುದಿಲ್ಲ. ಬೇಕೆಂದು ಕೇಳಿ ಪಡೆಯಬೇಕು. ಪದಕೋಶಕ್ಕೋ ಪಾಠಾಂತರಗಳ ಸಂಗ್ರಹಕ್ಕೋ ಕ್ರಮವಿಧಿಯನ್ನು ಬರೆಯಿಸುವ ವಿದ್ವಾಂಸರು ಬರೆಯುವವನನ್ನು ಎರಡು ಪ್ರಶ್ನೆಗಳನ್ನು ಕೇಳಿದರೆ ಸಾಕು. ಪ್ರತಿಮಾಡಿದಾಗ ಎರಡಾದುದು ಪಟ್ಟಿಯೋ, ಪಟ್ಟಿಯಲ್ಲಿರುವ ಮಾತೋ? ಆ ಮಾತನ್ನು ಕೊನೆಯಲ್ಲಿ ಬಿಡಿಸುವ ಹಕ್ಕು ಯಾರದು? ಇವೆರಡಕ್ಕೂ ಉತ್ತರವನ್ನು ಮೊದಲೇ ಬರೆದಿಟ್ಟಲ್ಲಿ ‘ಕವಲಂದೆ’ಯೂ ಉಳಿಯುತ್ತದೆ, ‘ಕೌಲಂದೆ’ಯೂ ಉಳಿಯುತ್ತದೆ.